ಸದ್ದು ಮಾಡದವಕ್ಕೂ ಹೊಟ್ಟೆನೋವು ಬರುತ್ತದೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮೊಲ, ಗಿನಿಯಿಲಿ, ಇಗುವಾನಾ ಎಂಬ ದೊಡ್ಡ ಹಲ್ಲಿ, ಆಮೆ ಸಾಕಿದವರ ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ‘ನಾಯಿಯಷ್ಟು ಕೆಲಸವಿಲ್ಲ, ಬಿಡುವಿಲ್ಲದವರಿಗೆ ಹೇಳಿ ಮಾಡಿಸಿದ ಪ್ರಾಣಿಗಳು’ ಎಂಬ ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ನಾನು ಪ್ರಾಣಿಗಳ ಕ್ಲಿನಿಕ್ಕೊಂದರಲ್ಲಿ ಸಹಾಯಕಿ. ಈ ‘ಕೆಲಸವಿಲ್ಲದ’ ಪ್ರಾಣಿಗಳು ನಮ್ಮ ಮೇಜಿಗೂ ಬರುತ್ತವೆ. ಬರುವಾಗ ಹೊತ್ತು ಮೀರಿರುತ್ತದೆ, ಅಷ್ಟೇ ವ್ಯತ್ಯಾಸ.

ನಾಯಿಗೆ ನೋವಾದರೆ ಕುಂಯ್‌ಗುಟ್ಟುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಮೊಲ, ಗಿಣಿ, ಗಿನಿಯಿಲಿ ಹಾಗಲ್ಲ. ಕಾಡಿನಲ್ಲಿ ಅವು ಇನ್ನೊಬ್ಬರ ಊಟ. ಸೊರಗಿದ್ದೇನೆಂದು ತೋರಿಸಿಕೊಂಡರೆ ಅಂದೇ ಕಥೆ ಮುಗಿಯಿತು. ಅದಕ್ಕೇ ಕೊನೇ ಗಳಿಗೆವರೆಗೂ ಮುಚ್ಚಿಡುತ್ತವೆ. ಗರಿ ಉಬ್ಬಿಸಿಕೊಂಡು ಪಂಜರದ ಮೂಲೆಯಲ್ಲಿ ಕೂತ ಗಿಣಿಯನ್ನು ‘ಪಾಪ, ನಿದ್ದೆ ಬಂದಿದೆ’ ಎನ್ನುವವರೇ ಹೆಚ್ಚು.

ಮೊಲದ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದೆ. ಅದು ಸವೆಯಬೇಕಾದರೆ ದಿನವಿಡೀ ಒಣಹುಲ್ಲು ಅಗಿಯುತ್ತಿರಬೇಕು. ಕ್ಯಾರೆಟ್ಟು ಚಿತ್ರಪುಸ್ತಕದವರು ಕೊಟ್ಟ ಆಹಾರ. ಅದರಲ್ಲಿ ಸಕ್ಕರೆಯಂಶ ಜಾಸ್ತಿ, ಎಂದಾದರೂ ಒಂದು ಚೂರು ಸಾಕು. ಹುಲ್ಲಿಲ್ಲದೆ ಬೆಳೆದ ದವಡೆಹಲ್ಲು ನಾಲಗೆ, ಕೆನ್ನೆಯನ್ನು ಒಳಗಿಂದ ಕೊರೆಯುತ್ತದೆ, ಮೊಲ ತಿನ್ನುವುದನ್ನು ಬಿಡುತ್ತದೆ, ತಿನ್ನದಿದ್ದರೆ ಕರುಳಿನ ಚಲನೆಯೇ ನಿಧಾನವಾಗಿ ನಿಂತುಹೋಗುತ್ತದೆ. ಅರ್ಧ ದಿನ ಏನೂ ಮುಟ್ಟದ, ಹಿಕ್ಕೆ ಹಾಕದ ಮೊಲವನ್ನು ‘ನಾಳೆ ನೋಡೋಣ’ ಎಂದು ಬಿಡುವಂತಿಲ್ಲ. ಮನೆಯಲ್ಲಿ ಉಳಿದಿದ್ದ ಅಮಾಕ್ಸಿಸಿಲಿನ್ ಸಿರಪ್ ಕುಡಿಸಿ ಕರೆತಂದವರೂ ಉಂಟು. ಮಗುವಿಗೆ ಕೊಡುವ ಔಷಧ, ಮೊಲಕ್ಕೇನಾದೀತು ಎಂಬ ಲೆಕ್ಕ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧ ಬಾಯಿಯ ಮೂಲಕ ಹೋದರೆ ಮೊಲದ, ಗಿನಿಯಿಲಿಯ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ಮೇಲುಗೈ ಪಡೆಯುತ್ತವೆ. ಜೀವವೇ ಹೋಗಬಹುದು.

ಗಿನಿಯಿಲಿಗೆ ನಮ್ಮಂತೆಯೇ ಸಿ ವಿಟಮಿನ್ ಆಹಾರದಿಂದಲೇ ಸಿಗಬೇಕು. ಇಗುವಾನಾಕ್ಕೆ ಬಿಸಿಲಿನಲ್ಲಿರುವ ಯುವಿ-ಬಿ ಎಂಬ ನೇರಳಾತೀತ ಕಿರಣ ಬೇಕು, ಇಲ್ಲದಿದ್ದರೆ ಕ್ಯಾಲ್ಸಿಯಂ ದಕ್ಕದೆ ದವಡೆ ರಬ್ಬರಿನಂತಾಗುತ್ತದೆ, ಕಾಲು ಬಾಗುತ್ತದೆ. ‘ಕಿಟಕಿ ಪಕ್ಕದಲ್ಲೇ ಇಟ್ಟಿದ್ದೇವಲ್ಲ’ ಎನ್ನುತ್ತಾರೆ. ಆ ಕಿರಣವನ್ನು ಗಾಜು ತಡೆದುಬಿಡುತ್ತದೆ. ಆ ಕಿರಣ ಕೊಡುವ ದೀಪ ತಂದವರೂ ಅದು ಉರಿಯುತ್ತಿರುವವರೆಗೆ ಬದಲಿಸುವುದಿಲ್ಲ. ಬೆಳಕು ಇದ್ದರೂ ಯುವಿ-ಬಿ ಎಷ್ಟೋ ಮೊದಲೇ ಕುಗ್ಗಿರುತ್ತದೆ.

ನನ್ನ ಮಾತು ಕೇಳುವವರಿಗೆ ಒಂದೇ ಸಲಹೆ: ಅಂದದ ಪಂಜರಕ್ಕಿಂತ ಮೊದಲು ಗ್ರಾಂ ತೋರಿಸುವ ತಕ್ಕಡಿ ತನ್ನಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ ತೂಗಿ ಬರೆದಿಡಿ. 400 ಗ್ರಾಂ ತೂಗುವ ಗಿಣಿ 40 ಗ್ರಾಂ ಇಳಿದರೆ ಗರಿಯ ಮೇಲಿಂದ ಯಾರಿಗೂ ಗೊತ್ತಾಗದು. ಆದರೆ ಅದು 60 ಕಿಲೋ ತೂಕದವರು 6 ಕಿಲೋ ಕಳೆದುಕೊಂಡ ಹಾಗೆ. ಪ್ರಾಣಿ ಮುಚ್ಚಿಟ್ಟದ್ದನ್ನು ತಕ್ಕಡಿ ಹೇಳಿಬಿಡುತ್ತದೆ. ವೈದ್ಯರ ಮುಂದೆ ಆ ಪುಸ್ತಕ ಇಟ್ಟರೆ ನಮ್ಮ ಅರ್ಧ ಕೆಲಸ ಹಗುರಾಗುತ್ತದೆ.

ಲೇಖನದ ಕೊನೆಯಲ್ಲಿ ‘ಪ್ರಾಣಿಪ್ರೀತಿ ಇದ್ದರೆ ಈ ಕ್ಷೇತ್ರದಲ್ಲಿ ಉದ್ಯೋಗವೂ ಇದೆ’ ಎಂದಿದ್ದೀರಿ. ಇದೆ, ಸುಳ್ಳಲ್ಲ. ಆದರೆ ಪ್ರೀತಿಯ ಜೊತೆ ಹಿಡಿಯುವುದನ್ನೂ ಕಲಿಯಬೇಕು. ಹಿಂಗಾಲಿಗೆ ಆಸರೆ ಕೊಡದೆ ಎತ್ತಿದ ಮೊಲ ಒಮ್ಮೆ ಜಾಡಿಸಿ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಲ್ಲದು. ಹಕ್ಕಿಗೆ ನಮ್ಮಂತೆ ಎದೆ, ಹೊಟ್ಟೆಯ ನಡುವೆ ಉಸಿರೆಳೆಯುವ ವಪೆ ಎಂಬ ಸ್ನಾಯುವಿಲ್ಲ, ಎದೆಗೂಡು ಆಡಿದರೆ ಮಾತ್ರ ಉಸಿರು. ಅಕ್ಕರೆಯಿಂದ ಎದೆ ಒತ್ತಿ ಹಿಡಿದರೂ ಉಸಿರುಗಟ್ಟುತ್ತದೆ. ಉಳಿದ ಹೊತ್ತು ಪಂಜರ ತೊಳೆಯುವುದು, ಕಚ್ಚಿಸಿಕೊಂಡ ಬೆರಳಿಗೆ ಪಟ್ಟಿ ಸುತ್ತಿಕೊಳ್ಳುವುದು, ಅಳುವ ಮಾಲೀಕರನ್ನು ಕೂರಿಸಿ ನೀರು ಕೊಡುವುದು. ಮನುಷ್ಯರ ಸಹವಾಸ ಸಾಕೆಂದು ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಬೇಗ ಬಿಟ್ಟುಹೋಗುತ್ತಾರೆ. ಇಲ್ಲಿ ಪ್ರತಿ ಪ್ರಾಣಿಯ ಹಿಂದೆಯೂ ಒಬ್ಬ ಮನುಷ್ಯ ಇರುತ್ತಾನೆ.

ಮುಂದೆ ಇಂಥ ಲೇಖನ ಹಾಕುವಾಗ ಫೋಟೊದ ಕೆಳಗೆ ನಾಲ್ಕು ಸಾಲು ಸೇರಿಸಿ: ಬೆಳೆದ ಮೇಲೆ ಎಷ್ಟು ದೊಡ್ಡದಾಗುತ್ತದೆ, ಎಷ್ಟು ವರ್ಷ ಬದುಕುತ್ತದೆ, ಏನು ತಿನ್ನುತ್ತದೆ, ಯಾವ ಬೆಳಕು ಬೇಕು. ನಾಣ್ಯದಷ್ಟಿರುವ ಕೆಂಪುಕಿವಿಯ ಆಮೆಮರಿ ಊಟದ ತಟ್ಟೆಯಷ್ಟಾಗುತ್ತದೆ, ದಶಕಗಳ ಕಾಲ ಬದುಕುತ್ತದೆ. ಜೊತೆಗೆ, ಎಲ್ಲ ಪಶುವೈದ್ಯರೂ ಇಗುವಾನಾ ನೋಡುವುದಿಲ್ಲವಾದ್ದರಿಂದ, ನೋಡುವ ವೈದ್ಯರು ಹತ್ತಿರದಲ್ಲಿ ಇದ್ದಾರೆಯೇ ಎಂದು ಪ್ರಾಣಿ ತರುವ ಮೊದಲೇ ವಿಚಾರಿಸಿಕೊಳ್ಳಲು ಓದುಗರಿಗೆ ಹೇಳಿ.

ಇಂತಿ,
ಪಶು ಚಿಕಿತ್ಸಾಲಯವೊಂದರ ಸಹಾಯಕಿ