ಒಂದು ದಿನದ ಡೈವಿಂಗ್ ನಂಬ್ಕೊಂಡು ತಣ್ಣೀರಿಗೆ ಇಳೀಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಸ್ಕೂಬಾ ಡೈವಿಂಗ್ ಲೇಖನ ಓದಿದೆ. ಫೋಟೋ ಎಲ್ಲಾ ಚೆನ್ನಾಗಿದ್ವು, ಆದ್ರೆ ಮುರುಡೇಶ್ವರದಲ್ಲಿ ಒಂದ್ಸಲ ಇಳಿದು ಬಂದ್ರೆ ಸಾಕು, ಫಾರಿನ್‌ನಲ್ಲಿ ಮುಳುಗಿರೋ ಹಡಗುಗಳನ್ನೂ ನೋಡಿ ಬರಬಹುದು ಅನ್ನೋ ಅರ್ಥ ಬರೋ ಹಾಗೆ ಬರೆದಿದ್ದು ನೋಡಿ ಸುಮ್ನಿರೋಕೆ ಆಗ್ಲಿಲ್ಲ.

ನಾನು ಈಜು ಕಲಿತಿದ್ದು ಇದೇ ಭದ್ರಾ ಚಾನಲ್‌ನಲ್ಲಿ. ಮುರುಡೇಶ್ವರದ ಹತ್ರದ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಶುರು ಮಾಡಿ, ಕೋರ್ಸ್‌ಗಳನ್ನ ಮುಗಿಸಿ, ಕೆಲಸಕ್ಕೆ ಅಂತ ಸ್ಕಾಟ್ಲೆಂಡ್‌ಗೆ ಹೋದಾಗ ಆರ್ಕ್ನಿ ದ್ವೀಪಗಳ ಹತ್ರ ಸ್ಕಾಪಾ ಫ್ಲೋ ಅನ್ನೋ ಕೊಲ್ಲಿಲಿ ಇಳಿದೆ. ಮೊದಲನೇ ಮಹಾಯುದ್ಧ ನಿಂತ ಮೇಲೆ ಜರ್ಮನ್ ನೌಕಾಪಡೆನ ಅಲ್ಲೇ ತಡೆದಿಟ್ಟಿದ್ರು, 1919ರ ಜೂನ್ 21ರಂದು ಆ ನಾವಿಕರೇ ಹಡಗುಗಳು ಬ್ರಿಟಿಷರ ಪಾಲಾಗಬಾರದು ಅಂತ ಒಳಗೆ ನೀರು ಬಿಟ್ಟು ಮುಳುಗಿಸಿಬಿಟ್ರು, ಒಂದೇ ದಿನ 52 ಹಡಗು! ಹೆಚ್ಚಿನವನ್ನ ಆಮೇಲೆ ಎತ್ತಿ ಗುಜರಿಗೆ ಹಾಕಿದ್ರು. ದೊಡ್ಡವು 7 ಇನ್ನೂ ತಳದಲ್ಲೇ ಇವೆ, ಮೂರು ಬ್ಯಾಟಲ್‌ಶಿಪ್ ಅಂದ್ರೆ ಭಾರಿ ಯುದ್ಧನೌಕೆ, ನಾಲ್ಕು ಅದಕ್ಕಿಂತ ಚಿಕ್ಕ ಕ್ರೂಸರ್. ಬ್ಯಾಟಲ್‌ಶಿಪ್‌ಗಳು ತಲೆಕೆಳಗಾಗಿ ಬಿದ್ದಿವೆ, ಟಾರ್ಚ್ ಬೆಳಕಲ್ಲಿ ಮೊದಲು ಕಂಡಾಗ ಹಡಗು ಅಂತಾನೇ ಗೊತ್ತಾಗ್ಲಿಲ್ಲ, ಕೋಟೆ ಗೋಡೆ ಹತ್ರ ನಿಂತ ಹಾಗಿತ್ತು.

ಆದ್ರೆ ಚಳಿ ಇದ್ಯಲ್ಲ, ಅದನ್ನ ನಮ್ಮೂರಲ್ಲಿ ಕೂತು ಊಹಿಸೋಕೂ ಆಗಲ್ಲ. ನೇತ್ರಾಣಿಯ ಬೆಚ್ಚಗಿನ ನೀರೆಲ್ಲಿ, ಬೇಸಿಗೆಲೂ 12-13 ಡಿಗ್ರಿ ಇರೋ ಆ ನೀರೆಲ್ಲಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳ್ಕೊಳ್ಳುತ್ತೆ. ಅದಕ್ಕೇ ಅಲ್ಲಿ ನೀರು ಒಳಗೆ ಬರದ ಹಾಗಿರೋ ಡ್ರೈಸೂಟ್ ಹಾಕ್ತಾರೆ, ಒಳಗೆ ದಪ್ಪ ಬಟ್ಟೆ, ಆಳಕ್ಕೆ ಹೋದಷ್ಟೂ ಸೂಟ್ ಒಳಗೆ ಗಾಳಿ ತುಂಬ್ತಾ ಹೋಗ್ಬೇಕು, ಮೇಲೆ ಬರುವಾಗ ಬಿಡ್ತಾ ಬರ್ಬೇಕು, ಬಿಡೋದು ತಪ್ಪಿದ್ರೆ ಗಾಳಿ ಕಾಲಿಗೆ ಏರಿ ತಲೆಕೆಳಗಾಗಿ ಬಲೂನ್ ತರ ಮೇಲಕ್ಕೆ ಹಾರ್ತೀವಿ, ಹಾಗೆ ಸರ್ರನೆ ಮೇಲೆ ಬಂದ್ರೆ ಪ್ರಾಣಕ್ಕೇ ಅಪಾಯ. ನೀರು ಇನ್ನೂ ತಣ್ಣಗಿದ್ರೆ, ಸಿಲಿಂಡರ್‌ನಿಂದ ಬಾಯಿಗೆ ಗಾಳಿ ಕೊಡೋ ರೆಗ್ಯುಲೇಟರ್‌ನಲ್ಲಿ ಐಸ್ ಕಟ್ಟಿ ವಾಲ್ವ್ ಮುಚ್ಚದೆ ಸಿಲಿಂಡರ್ ಗಾಳಿಯೆಲ್ಲಾ ಸುರಿದು ಹೋಗಬಹುದು.

ನನ್ನ ಎರಡನೇ ಡೈವ್‌ನಲ್ಲಿ ಬಾಡಿಗೆ ಸೂಟ್‌ನ ಮಣಿಕಟ್ಟಿನ ರಬ್ಬರ್ ಸರಿ ಇರಲಿಲ್ಲ. ಸುಮಾರು 30 ಮೀಟರ್ ಆಳದಲ್ಲಿ ತೋಳಿನೊಳಗೆ ನೀರು ನುಗ್ತು, ಸ್ವಲ್ಪ ಹೊತ್ತಿಗೆ ಬೆರಳೆಲ್ಲಾ ಮರಗಟ್ಟಿ ಗಾಳಿ ತುಂಬೋ ಬಟನ್ ಒತ್ತೋಕೂ ಬರ್ತಿಲ್ಲ. ಜೊತೆಗಿದ್ದವನು ನನ್ನ ಕೈ ನೋಡಿ ತಕ್ಷಣ ಹೆಬ್ಬೆರಳು ಮೇಲೆ ಮಾಡಿ ತೋರಿಸ್ದ, ನೀರೊಳಗೆ ಅದರ ಅರ್ಥ ಡೈವ್ ಮುಗೀತು, ಮೇಲೆ ನಡಿ ಅಂತ. ನಿಧಾನಕ್ಕೆ, ನಿಲ್ಲಬೇಕಾದ ಕಡೆ ನಿಂತು ಮೇಲೆ ಬಂದ್ವಿ. ಅವನು ಅವತ್ತು ಇರದೇ ಹೋಗಿದ್ರೆ ನಾನು ಈ ಪತ್ರ ಬರೀತಿರಲಿಲ್ಲ.

ಇನ್ನೊಂದು ಮಾತು. ಲೇಖನದಲ್ಲಿ ಹಡಗಿಂದ ನೆನಪಿಗೆ ಏನಾದ್ರೂ ತರಬಹುದು ಅಂತಾನೂ ಇತ್ತು. ಅದು ತಪ್ಪು. ಆ 7 ಹಡಗುಗಳು ಅಲ್ಲಿ 2001ರಿಂದ ಸಂರಕ್ಷಿತ ಸ್ಮಾರಕಗಳು, ಚಿತ್ರದುರ್ಗದ ಕೋಟೆ ಕಲ್ಲು ಕಿತ್ತು ಬ್ಯಾಗಿಗೆ ಹಾಕ್ಕೊಂಡು ಬರ್ತೀವಾ ನಾವು? ಅದೇ ನೀರಲ್ಲಿ 1939ರಲ್ಲಿ ಮುಳುಗಿದ ರಾಯಲ್ ಓಕ್ ಅನ್ನೋ ಬ್ರಿಟಿಷ್ ಯುದ್ಧನೌಕೆನೂ ಇದೆ, 800ಕ್ಕೂ ಹೆಚ್ಚು ಜನ ಸತ್ರು, ಅದರಲ್ಲಿ ಹದಿಹರೆಯದ ಹುಡುಗರೂ ಇದ್ರು. ಅದು ಸಮಾಧಿ, ಡೈವಿಂಗ್‌ಗೆ ಬಿಡಲ್ಲ.

ಈಗ ನಮ್ಮ ಕಡೆ ಹುಡುಗರು ಓದೋಕೆ ಅಂತ ತುಂಬಾ ಜನ ಅಂಥ ಚಳಿ ದೇಶಗಳಿಗೆ ಹೋಗ್ತಿದಾರೆ. ದಯವಿಟ್ಟು ಮುಂದಿನ ವಾರ ಒಂದು ತಿದ್ದುಪಡಿ ಹಾಕಿ, ಡ್ರೈಸೂಟ್ ಟ್ರೈನಿಂಗ್ ಇಲ್ಲದೆ ತಣ್ಣೀರಿಗೆ ಇಳೀಬೇಡಿ ಅನ್ನೋ ಸಾಲನ್ನ ದಪ್ಪ ಅಕ್ಷರದಲ್ಲೇ ಹಾಕಿ.

ಇಂತಿ ನಿಮ್ಮ ಓದುಗ,
ವಿದ್ಯಾನಗರ, ದಾವಣಗೆರೆ