ಕಿವಿ ಜೋತುಬಿದ್ದ ಮೊಲದ ಮರಿ

ಹೋದ ತಿಂಗಳು ಒಂದು ರಾತ್ರಿ ನಾಲ್ಕು ವರ್ಷದ ಮಗಳಿಗೆ ಚಿತ್ರಪುಸ್ತಕ ಓದುತ್ತಿದ್ದೆ. ಮೊಲದ ಮರಿಯ ಗೆಳೆಯ ಬೇರೆ ಕಾಡಿಗೆ ಹೊರಟುಹೋಗುವ ಪುಟ ಬಂತು. ಅಲ್ಲಿ ನಿಲ್ಲಿಸಿ, ಮೇಷ್ಟರ ಗತ್ತಿನಲ್ಲಿ ಕೇಳಿದೆ: "ಈಗ ಇದಕ್ಕೆ ಏನನ್ನಿಸ್ತಿದೆ, ಹೇಳು ನೋಡೋಣ?" ಅವಳು ನನ್ನ ಮುಖ ನೋಡಿದಳು. ಪುಸ್ತಕ ಮುಚ್ಚಿದಳು. "ನಂಗೆ ನಿದ್ದೆ ಬಂತು" ಅಂದಳು. ನಿದ್ದೆ ಎಲ್ಲಿ ಬಂದಿತ್ತು? ಆಮೇಲೆ ಅರ್ಧ ಗಂಟೆ ಮಂಚದ ಮೇಲೆ ಕುಣಿದಳು. ಕತೆ ಕೇಳಲು ಕೂತವಳಿಗೆ ನಾನು ಪರೀಕ್ಷೆ ಇಟ್ಟಿದ್ದೆ, ಅಷ್ಟೇ.

ಭಾವನೆಗಳ ಬಗ್ಗೆ ಚಿತ್ರಪುಸ್ತಕಗಳು ಈಗ ಬೇಕಾದಷ್ಟಿವೆ. ಸಿಟ್ಟಿಗೊಂದು, ಕತ್ತಲ ಭಯಕ್ಕೊಂದು, ತಂಗಿ ಹುಟ್ಟಿದಾಗಿನ ಹೊಟ್ಟೆಕಿಚ್ಚಿಗೊಂದು. ನಿಜ ಹೇಳಲಾ? ಇವುಗಳಲ್ಲಿ ಬಹಳಷ್ಟು ನನಗೆ ಹಿಡಿಸುವುದಿಲ್ಲ. ಮೊದಲ ಪುಟದಲ್ಲಿ ಸಿಟ್ಟು, ನಡುವೆ ಮೂರು ಸಲ ಉಸಿರು ಎಳೆದು ಬಿಡುವುದು, ಕೊನೆಗೆ ನಗು. ಇದು ಕತೆಯ ವೇಷ ಹಾಕಿದ ಬುದ್ಧಿಮಾತು. ಮಕ್ಕಳಿಗೆ ಅದರ ವಾಸನೆ ಬೇಗ ಬಡಿಯುತ್ತದೆ. ಇನ್ನು ಸಿಟ್ಟು ಕೆಂಪು, ದುಃಖ ನೀಲಿ ಎಂದು ಬಣ್ಣ ಹಂಚುವ ಪುಸ್ತಕಗಳು. ತೀರಾ ಚಿಕ್ಕವರಿಗೆ ಹೆಸರು ಪರಿಚಯಿಸಲು ಅವು ಸಾಕು. ಆದರೆ ತೊಟ್ಟಿಲಿನ ತಂಗಿಯನ್ನು ಬಗ್ಗಿ ನೋಡುವ ಮಗುವಿನಲ್ಲಿ ಖುಷಿ, ಹೊಟ್ಟೆಕಿಚ್ಚು, ದಿಗಿಲು ಎಲ್ಲ ಒಟ್ಟಿಗೇ ಇರುತ್ತವಲ್ಲ, ಅದಕ್ಕೆ ಯಾವ ಬಣ್ಣ?

ನನಗೆ ಇಂದಿಗೂ ಮೆಚ್ಚುಗೆಯಾಗುವುದು ಮಾರಿಸ್ ಸೆಂಡಾಕ್ ಅವರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್'. 1963ರ ಪುಸ್ತಕ. ತುಂಟತನ ಮಾಡಿದ ಮ್ಯಾಕ್ಸ್ ಎಂಬ ಹುಡುಗನನ್ನು ಅಮ್ಮ ಊಟ ಕೊಡದೆ ಕೋಣೆಗೆ ಕಳಿಸುತ್ತಾಳೆ. ಅವನು ದೋಣಿ ಹತ್ತಿ ರಾಕ್ಷಸರ ನಾಡಿಗೆ ಹೋಗಿ ರಾಜನಾಗುತ್ತಾನೆ. ಮೊದಲ ಪುಟಗಳಲ್ಲಿ ಚಿತ್ರ ಚಿಕ್ಕದು, ಸುತ್ತ ಬಿಳಿ ಅಂಚು. ಕತೆ ಮುಂದೆ ಹೋದಂತೆ ಚಿತ್ರ ಹಿಗ್ಗುತ್ತಾ ಅಂಚನ್ನು ನುಂಗುತ್ತದೆ. ಕುಣಿತದ ಭರಾಟೆಯಲ್ಲಿ ಅಕ್ಷರಗಳೇ ಮಾಯ, ಎದುರುಬದುರು ಪುಟಗಳ ತುಂಬಾ ಬರೀ ಚಿತ್ರ. ಆಮೇಲೆ ಚಿತ್ರ ಮತ್ತೆ ಕುಗ್ಗುತ್ತದೆ. ಕೊನೆಗೆ ಹುಡುಗ ಮನೆಗೆ ಬಂದಾಗ ಊಟ ಬಿಸಿಯಾಗಿ ಕಾದಿರುತ್ತದೆ. ಯಾರೂ "ಸಾರಿ ಕೇಳು" ಅನ್ನುವುದಿಲ್ಲ. ಸಿಟ್ಟು ಏರಿದ್ದು, ಇಳಿದದ್ದು ಎಲ್ಲವನ್ನೂ ಪುಟದ ಅಳತೆಯೇ ಹೇಳಿಬಿಡುತ್ತದೆ. ಓದಲು ಬಾರದ ಮಗುವಿಗೂ ಅದು ಕಾಣುತ್ತದೆ.

ಭಾವನೆಗೆ ಹೆಸರಿಟ್ಟರೆ ಅದರ ಬಿಸಿ ಇಳಿಯುತ್ತದೆಯೇ? 2007ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದ್ದರು. ಸಿಟ್ಟು, ಭಯ ತೋರುವ ಮುಖಗಳ ಚಿತ್ರಕ್ಕೆ ಆ ಭಾವನೆಯ ಹೆಸರು ಹೇಳಿದಾಗ, ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಸ್ವಲ್ಪ ತಣ್ಣಗಾಗಿತ್ತು. ಅದು ದೊಡ್ಡವರ ಮೇಲೆ ನಡೆದ ಪ್ರಯೋಗ. ಚಿಕ್ಕವರ ವಿಷಯದಲ್ಲಿ ನನಗಿರುವುದು ಮನೆಯ ಅನುಭವ ಮಾತ್ರ: ಹೆಸರು ಸಿಗದಿದ್ದಾಗ ಕೈಗೆ ಸಿಕ್ಕಿದ್ದು ಹಾರುತ್ತದೆ.

ಹೆಸರು ಅಂದೆನಲ್ಲ, ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು ಅಲ್ಲೇ. ಹೊರನಾಡಿನಲ್ಲಿ ಬೆಳೆಯುವ ಮಗುವಿಗೆ ಭಾವನೆಯ ಮಾತುಗಳು ಶಾಲೆಯ ಭಾಷೆಯಲ್ಲಿ ಸಿಗುತ್ತವೆ. ಕನ್ನಡಕ್ಕೆ ಉಳಿಯುವುದು "ಬೇಗ ಬಾ, ಹಲ್ಲುಜ್ಜು, ಶೂ ಹಾಕ್ಕೋ, ಮಲಕ್ಕೋ". ಅಪ್ಪ ಅಮ್ಮನ ಭಾಷೆ ಬರೀ ಅಪ್ಪಣೆಯ ಭಾಷೆ ಆಗಿಬಿಡುತ್ತದೆ. ನಾವಾದರೂ ಏನು ಕಡಿಮೆಯೇ? ದುಃಖವಾದರೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ನೋಯಿಸಿದರೂ ಬೇಜಾರು.

ಅದೇ ನಮ್ಮ ಭಾಷೆಯನ್ನು ಸ್ವಲ್ಪ ಕೆದಕಿ ನೋಡಿ. ಹೊಟ್ಟೆಯಲ್ಲಿ ಕಿಚ್ಚು, ಎದೆಯಲ್ಲಿ ಢವಢವ, ಕರುಳು ಚುರಕ್, ಮುಖ ಸಪ್ಪೆ, ಸಿಟ್ಟು ನೆತ್ತಿಗೆ. ಕನ್ನಡದಲ್ಲಿ ಭಾವನೆಗೆ ಮೈಯೇ ಮನೆ. ಚಿಕ್ಕ ಮಕ್ಕಳಿಗೂ ಭಾವನೆ ಮೊದಲು ಗೊತ್ತಾಗುವುದು ಮೈಯಲ್ಲೇ ಅಲ್ವಾ? ಮತ್ತೆ ಮುನಿಸು. ಸಿಟ್ಟು ಬಂದವನು "ಹತ್ತಿರ ಬರಬೇಡ" ಅನ್ನುತ್ತಾನೆ. ಮುನಿಸಿಕೊಂಡವನು "ಬಂದು ರಮಿಸು" ಎಂದು ಕಾಯುತ್ತಾನೆ. ಈ ವ್ಯತ್ಯಾಸ ಗೊತ್ತಿದ್ದರೆ ಮಗುವಿನ ಹತ್ತಿರ ಹೋಗಬೇಕೋ, ಸುಮ್ನೆ ದೂರ ಇರಬೇಕೋ ಎಂದು ನಮಗೂ ತಿಳಿಯುತ್ತದೆ.

ಹಾಗಾಗಿ ನನ್ನ ಮಾತು ಇಷ್ಟು. ಪುಸ್ತಕ ಯಾವ ಭಾಷೆಯದ್ದೇ ಇರಲಿ, ಚಿತ್ರಕ್ಕೆ ಭಾಷೆಯ ಹಂಗಿಲ್ಲ. ಬರೆದದ್ದನ್ನು ಬದಿಗಿಟ್ಟು ಚಿತ್ರದ ಬಗ್ಗೆ ಕನ್ನಡದಲ್ಲಿ ಹರಟಿ. ಓದುವವರಿಗಿಂತ ಮಗುವೇ ಜಾಸ್ತಿ ಮಾತಾಡಿದರೆ ಅದರ ಮಾತು ಚೆನ್ನಾಗಿ ಬೆಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಯವರು 1988ರಲ್ಲೇ ತೋರಿಸಿದ್ದಾರೆ. ಒಂದೇ ಎಚ್ಚರ: ಮಗು ನೆಲಕ್ಕೆ ಬಿದ್ದು ಹೊರಳಾಡುವಾಗ ಸಿಟ್ಟಿನ ಪುಸ್ತಕ ತೆಗೆಯಬೇಡಿ. ಆಗ ಅದು ಪುಸ್ತಕವಲ್ಲ, ಬೆತ್ತ.

ನನ್ನ ಕತೆಗೆ ಬರುತ್ತೇನೆ. ಎರಡು ದಿನ ಬಿಟ್ಟು ಅದೇ ಪುಸ್ತಕ ತೆಗೆದೆ. ಈ ಸಲ ಏನೂ ಕೇಳಲಿಲ್ಲ. "ಅಯ್ಯೋ, ಇದರ ಕಿವಿ ನೋಡು, ಹೇಗೆ ಜೋತುಬಿದ್ದಿದೆ" ಅಂದು ಸುಮ್ಮನಾದೆ. ಸುಮ್ಮನಿರುವುದು ನನ್ನಂಥ ವಾಚಾಳಿಗೆ ಸುಲಭವಲ್ಲ. ಅವಳು ಮೊಲದ ಹೊಟ್ಟೆಯ ಮೇಲೆ ಬೆರಳಿಟ್ಟಳು. "ಇಲ್ಲಿ ಒಳಗೆ ಏನೋ ಆಗ್ತಿದೆ" ಅಂದಳು. "ತಳಮಳ" ಅಂದೆ. "ತಲಮಲ" ಎಂದು ಎರಡು ಸಲ ಹೇಳಿಕೊಂಡಳು. ಪುಟ ತಿರುಗಿಸಿದಳು.

ಮುಂದಿನ ಸಂಚಿಕೆಗೆ ನಿಮ್ಮ ಮನೆಯ ಭಾವನೆಯ ಮಾತುಗಳನ್ನು ಬರೆದು ಕಳಿಸಿ. ಅಜ್ಜಿಯ ಮಾತಾದರೂ ಸರಿ, ಮಕ್ಕಳೇ ಹುಟ್ಟಿಸಿದ್ದಾದರೂ ಸರಿ. ನಮ್ಮ ಮನೆಯದ್ದು ಒಂದು ಈಗಾಗಲೇ ಇದೆ. ಮೊನ್ನೆ ಡೇಕೇರ್‌ನಿಂದ ಬಂದವಳು ಬ್ಯಾಗ್ ಬಿಸಾಕಿ ಹೇಳಿದಳು: "ಅಪ್ಪಾ, ಇವತ್ತು ನನ್ನ ಕಿವಿ ಜೋತುಬಿದ್ದಿದೆ."