ಬೇಟೆ ಕಲಿಯಲು ಬಂದವರಿಗೆ ಕೋವಿಗಿಂತ ಮೊದಲು ಕಾಡು ತೋರಿಸಿ

ಮಾನ್ಯ ಸಂಪಾದಕರೇ,

ಬೇಟೆ ಅಂದ ಕೂಡಲೇ ಪ್ರಾಣಿಗಳನ್ನು ಉಳಿಸಬೇಕು ಅನ್ನುವವರಿಗೆ ಸಿಟ್ಟು ಬರುತ್ತದೆ. ಭಾರತದಲ್ಲಿ ಆ ಸಿಟ್ಟು ಸರಿಯೇ. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಅದು ಹಾಗೇ ಗಟ್ಟಿಯಾಗಿ ಇರಲಿ. ನಾನು ಬರೆಯುತ್ತಿರುವುದು ಅಮೆರಿಕದ ಬಗ್ಗೆ. ಅಲ್ಲಿ ನೆಲೆಸಿರುವ ಕನ್ನಡಿಗರೂ ನಿಮ್ಮ ಪತ್ರಿಕೆ ಓದುತ್ತಾರೆ, ಅವರಲ್ಲಿ ಕೆಲವರನ್ನು ಗೆಳೆಯರು ಬೇಟೆಗೆ ಕರೆದಿರುತ್ತಾರೆ.

ಆ ದೇಶದಲ್ಲಿ ಒಂದು ಕಾಲಕ್ಕೆ ಮಾಂಸ, ಚರ್ಮ, ಗರಿ ಮಾರುವುದಕ್ಕೆಂದೇ ಸಿಕ್ಕಿದ್ದನ್ನೆಲ್ಲ ಕೊಂದರು. ಕಾಡೆಮ್ಮೆಯಂಥ ಬೈಸನ್ ಕೊನೆಯ ಅಂಚಿಗೆ ಬಂತು. ಆಕಾಶ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಮೃಗಾಲಯದಲ್ಲಿ ಸತ್ತಿತು. ಆಮೇಲೆ ಬುದ್ಧಿ ಬಂದು, ಬೇಟೆಗಾರರ ಕೈಯಿಂದಲೇ ದುಡ್ಡು ಕೊಡಿಸುವ ಏರ್ಪಾಡು ಮಾಡಿದರು. 1934ರಲ್ಲಿ ನೀರುಹಕ್ಕಿ ಬೇಟೆಗೆ ಹೋಗುವವರು ಕೊಳ್ಳಲೇಬೇಕಾದ ಬಾತುಕೋಳಿ ಸ್ಟ್ಯಾಂಪ್ ಬಂತು, ಆಗ ಅದಕ್ಕೆ ಒಂದು ಡಾಲರ್. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಿಂದ ಬೇಟೆ ಬಂದೂಕು ಮತ್ತು ತೋಟಾಗಳ ಮೇಲಿನ ಶೇ 11ರ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಈ ದುಡ್ಡು ಬೇಕಾದರೆ ರಾಜ್ಯ ಸರ್ಕಾರ ಬೇಟೆ ಲೈಸೆನ್ಸಿನ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸುವಂತಿಲ್ಲ. ನನಗೆ ಇಡೀ ಕಾಯ್ದೆಯಲ್ಲಿ ಜಾಸ್ತಿ ಇಷ್ಟವಾಗುವ ಮಾತು ಇದೇ.

ಆದರೆ ಬೇಟೆಗಾರರು ಕಡಿಮೆಯಾಗುತ್ತಿದ್ದಾರೆ. 1991ರಲ್ಲಿ ಸುಮಾರು 1.41 ಕೋಟಿ ಇದ್ದವರು 2016ರ ಸಮೀಕ್ಷೆಯಲ್ಲಿ 1.15 ಕೋಟಿಗೆ ಇಳಿದಿದ್ದರು. ಅದಕ್ಕೇ ಅಲ್ಲಿ ಹೊಸಬರನ್ನು ಕರೆತರುವ ಕಾರ್ಯಕ್ರಮಗಳು ನಡೆಯುತ್ತಿವೆ. ಒಳ್ಳೆಯದೇ. ಆದರೆ ಹೊಸಬರನ್ನು ಸೀದಾ ಗುರಿ ಹೊಡೆಯುವ ಜಾಗಕ್ಕೆ ಕರೆದುಕೊಂಡು ಹೋಗಿ, ಕೈಗೆ ಕೋವಿ ಕೊಟ್ಟು, ಎರಡು ವಾರದಲ್ಲಿ ಜಿಂಕೆ ಮುಂದೆ ನಿಲ್ಲಿಸಿದರೆ ಇನ್ನೊಬ್ಬ ಕೋವಿ ಹಿಡಿದವನು ಹೆಚ್ಚಾಗುತ್ತಾನೆ ಅಷ್ಟೇ, ಕಾಡಿಗೊಬ್ಬ ಗೆಳೆಯ ಸಿಗುವುದಿಲ್ಲ.

ಮೊದಲು ಬರಿಗೈಯಲ್ಲಿ ಕರೆದುಕೊಂಡು ಹೋಗಿ. ಗಾಳಿ ಯಾವ ಕಡೆ ಬೀಸುತ್ತಿದೆ, ಜಿಂಕೆ ಯಾವ ಹೊತ್ತಿಗೆ ಮೇವಿಗೆ ಬರುತ್ತದೆ, ಹೆಜ್ಜೆ ಹೊಸದೋ ಹಳೆಯದೋ, ಇದೆಲ್ಲ ಅವರು ತಾವೇ ನೋಡಲಿ. ಈಡು ಹೊಡೆಯುವುದಕ್ಕಿಂತ ಹೊಡೆಯದೆ ಬಿಡುವುದನ್ನು ಕಲಿಸುವುದು ಕಷ್ಟ. ಪ್ರಾಣಿಯ ಹಿಂದೆ ಏನಿದೆ ಗೊತ್ತಿಲ್ಲವಾ, ಬಿಡಬೇಕು. ಎದೆಗೂಡಿಗೆ ಸರಿಯಾಗಿ ಗುರಿ ಸಿಗುತ್ತಿಲ್ಲವಾ, ಬಿಡಬೇಕು. ಗಾಯವಾಗಿ ಓಡಿದ ಜಿಂಕೆಯನ್ನು ಕತ್ತಲಾದರೂ ರಕ್ತದ ಜಾಡು ಹಿಡಿದು ಹುಡುಕಲೇಬೇಕು. ಅದಕ್ಕೆ ಮನಸ್ಸಿಲ್ಲದವರು ಬೇಟೆಗೆ ಬರುವುದೇ ಬೇಡ.

ಸೀಸದ ವಿಷಯವನ್ನಂತೂ ಮೊದಲ ದಿನವೇ ಹೇಳಬೇಕು. ಸೀಸದ ಗುಂಡು ಒಳಗೆ ಚೂರುಚೂರಾಗುತ್ತದೆ. ಬೇಟೆಗಾರ ಕಾಡಲ್ಲೇ ಬಿಟ್ಟು ಬರುವ ಕರುಳಿನಲ್ಲಿ ಆ ಚೂರುಗಳು ಉಳಿಯುತ್ತವೆ, ಹದ್ದುಗಳು ತಿಂದು ವಿಷವೇರಿ ಸಾಯುತ್ತವೆ. 1982ರಲ್ಲಿ 22ಕ್ಕೆ ಇಳಿದಿದ್ದ, ರಣಹದ್ದಿನಂತೆ ಸತ್ತ ಪ್ರಾಣಿ ತಿನ್ನುವ ಕ್ಯಾಲಿಫೋರ್ನಿಯಾ ಕಾಂಡೋರ್ ಹಕ್ಕಿಗಳನ್ನು ಎಷ್ಟೋ ಕಷ್ಟಪಟ್ಟು ಬೆಳೆಸಿ ಕಾಡಿಗೆ ಬಿಟ್ಟರೂ ಅವನ್ನು ಇವತ್ತಿಗೂ ಕೊಲ್ಲುತ್ತಿರುವುದು ಮುಖ್ಯವಾಗಿ ಈ ಸೀಸವೇ. ನೀರುಹಕ್ಕಿ ಬೇಟೆಗೆ ಸೀಸದ ಚರೆಯನ್ನು ದೇಶವಿಡೀ 1991ರಲ್ಲೇ ನಿಲ್ಲಿಸಿದರು. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಉಳಿದ ಕಡೆ ಕಾನೂನು ಬರುವವರೆಗೂ ಯಾಕೆ ಕಾಯಬೇಕು? ತಾಮ್ರದ ಗುಂಡು ಸಿಗುತ್ತದೆ ಅಲ್ವಾ, ಹೊಸಬರು ಅದರಿಂದಲೇ ಶುರು ಮಾಡಲಿ.

ಇನ್ನೊಂದು ಮಾತು. ಇಡೀ ಭಾರವನ್ನು ಬೇಟೆಗಾರರ ಮೇಲೆ ಹಾಕುವುದೂ ಸರಿಯಲ್ಲ. ಹಕ್ಕಿ ನೋಡುವವರು, ಫೋಟೋ ತೆಗೆಯುವವರು, ಚಾರಣಕ್ಕೆ ಹೋಗುವವರು ಅದೇ ಕಾಡು, ಅದೇ ಕೆರೆಯ ಸುಖ ಪಡೆಯುತ್ತಾರೆ. ಬಾತುಕೋಳಿ ಸ್ಟ್ಯಾಂಪಿಗೆ ಈಗ 25 ಡಾಲರ್. ಪ್ರತಿ ಡಾಲರಿನಲ್ಲಿ 98 ಸೆಂಟ್ ಹಕ್ಕಿಗಳ ಜೌಗು ನೆಲವನ್ನು ಉಳಿಸಲು ಹೋಗುತ್ತದೆ. ಅದನ್ನು ಕೊಳ್ಳಲು ಬೇಟೆ ಲೈಸೆನ್ಸ್ ಬೇಡ, ಅಂಚೆ ಕಚೇರಿಯಲ್ಲೂ ಸಿಗುತ್ತದೆ. ಅಲ್ಲಿರುವ ನಮ್ಮವರು ಕೋವಿ ಮುಟ್ಟದಿದ್ದರೂ ಪರವಾಗಿಲ್ಲ, ವರ್ಷಕ್ಕೊಂದು ಸ್ಟ್ಯಾಂಪ್ ಕೊಳ್ಳಲಿ.

— ಒಬ್ಬ ಓದುಗ